ಕೊನೆಯ ಸಾಲಿನ ಮಣ್ಣು

ನವೆಂಬರ್ ಇಪ್ಪತ್ತೆಂಟು, ಮಂಗಳವಾರ, ಬೆಳಿಗ್ಗೆ ಆರು ಗಂಟೆ ಮೂವತ್ತೈದು ನಿಮಿಷಕ್ಕೆ ಆಂಜಿನಪ್ಪನವರು ಒಂದು ಯೂರಿಯಾ ಮೂಟೆಗೆ ಕುಡುಗೋಲಿನ ತುದಿಯಿಂದ ಆರು ಕಡೆ ತೂತು ಮಾಡಿ, ಅದನ್ನು ಬೋರ್‌ವೆಲ್ ನೀರು ಬೀಳುವ ಕಾಲುವೆಯ ತಲೆಯಲ್ಲಿ ಮಲಗಿಸುತ್ತಿದ್ದರು. ಮೂಟೆಯ ತೂಕ ನಲವತ್ತೈದು ಕೆಜಿ. ವೇಳೆ ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಕಾರಣವಿದೆ. ಪಕ್ಕದ ಮನೆಯ ನರೇಶ್ ಬಂಗಾರಪೇಟೆ ಸ್ಟೇಷನ್ನಿಗೆ ಬೈಕಿನಲ್ಲಿ ಹೋಗುತ್ತಾ, ಮಾರಿಕುಪ್ಪಂ ಗಾಡಿ ಸಿಗುತ್ತದೋ ಇಲ್ಲವೋ ಎಂಬ ಗಡಿಬಿಡಿಯಲ್ಲಿ, ಬದುವಿನಿಂದಲೇ ಟೈಮ್ ಕೇಳಿದ್ದ. ಆಂಜಿನಪ್ಪನವರು ಕೈಯನ್ನು ಪಂಚೆಗೆ ಒರೆಸಿಕೊಂಡು ಫೋನ್ ತೆಗೆದು ನೋಡಿ ಹೇಳಿದ್ದರು.

ಅದಕ್ಕೆ ಮುಂಚೆ ಅವರು ಗೊಬ್ಬರವನ್ನು ಹಾಗೆ ಹಾಕಿದವರಲ್ಲ. ಅರ್ಧ ಮೂಟೆಯನ್ನು ಬುಟ್ಟಿಗೆ ಸುರಿದುಕೊಂಡು, ಒಂದೊಂದು ಎಲೆಕೋಸಿನ ಬುಡಕ್ಕೆ ಒಂದೊಂದು ಚಿಟಿಕೆ ಇಟ್ಟು, ಮಣ್ಣು ಮುಚ್ಚಿ ಮುಂದೆ ಹೋಗುತ್ತಿದ್ದರು. ಆ ವಾರ ಬಲ ಮೊಣಕಾಲು ಊದಿಕೊಂಡಿತ್ತು, ಕೂತು ಏಳಲು ಆಗುತ್ತಿರಲಿಲ್ಲ. ಮೂಟೆಯನ್ನೇ ಕಾಲುವೆಯಲ್ಲಿ ಇಟ್ಟರೆ ನೀರೇ ಕರಗಿಸಿಕೊಂಡು ಹೋಗಿ ಎಲ್ಲ ಸಾಲಿಗೂ ಹಂಚುತ್ತದೆ ಎಂದು ಯಾರೋ ಸಂತೆಯಲ್ಲಿ ಹೇಳಿದ್ದರು. ಹಂಚುವ ವಿಷಯದಲ್ಲಿ ಆಂಜಿನಪ್ಪನವರಿಗೆ ನೀರಿನ ಮೇಲೆ ನಂಬಿಕೆ ಜಾಸ್ತಿ.

ಆ ನಂಬಿಕೆ ಅವರಿಗೆ ಮನೆತನದಿಂದ ಬಂದದ್ದು. ಅವರದು ನೀರುಗಂಟಿಗಳ ಮನೆ. ಕೆರೆಯ ತೂಬು ಎತ್ತುವುದು, ಇಳಿಸುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನಿರ್ಧರಿಸುವುದು ನೀರುಗಂಟಿಯ ಕೆಲಸ. ಅವರ ತಾತ ತೂಬು ಮುಚ್ಚುವ ಮುನ್ನ ಎರಡು ಮೈಲಿ ನಡೆದು ಅಚ್ಚುಕಟ್ಟಿನ ಕೊನೆಯ ಗದ್ದೆಗೆ ಹೋಗಿ, ಅದರಾಚೆಗೆ ನೀರು ಹರಿದದ್ದನ್ನು ಕಣ್ಣಾರೆ ಕಂಡು, ಅಲ್ಲಿಯ ಹಸಿ ಮಣ್ಣನ್ನು ಒಂದು ಹಿಡಿ ತಂದು ತೂಬಿನ ಕಲ್ಲಿಗೆ ಮೆತ್ತುತ್ತಿದ್ದರಂತೆ. ಕೊನೆಯವನಿಗೂ ನೀರು ಮುಟ್ಟಿತು ಎಂಬುದಕ್ಕೆ ಅದೇ ಸಾಕ್ಷಿ. ಮೆತ್ತಿದ ಮಣ್ಣು ಕಲ್ಲಿನ ಮೇಲೆ ಕಾಣುತ್ತಿದ್ದರೆ ಊರಿನಲ್ಲಿ ಜಗಳವಿಲ್ಲ.

ಈ ಕೆರೆಯ ತೂಬು ಎತ್ತಿ ಇಪ್ಪತ್ತೆರಡು ವರ್ಷವಾಯಿತು. ಆಂಜಿನಪ್ಪನವರಿಗೆ ಉಳಿದಿರುವುದು ಒಂದು ಎಕರೆ ಹತ್ತು ಗುಂಟೆ ಇಳಿಜಾರು ಹೊಲ, ಎರಡು ಇಂಚು ನೀರಿನ ಒಂದು ಬೋರ್‌ವೆಲ್. ಪದ್ಧತಿಯನ್ನು ಮಾತ್ರ ಅವರು ಬಿಡಲಿಲ್ಲ. ಸಾಲಿನಲ್ಲಿ ನೀರು ಕೊನೆಯ ಗಿಡವನ್ನು ದಾಟಿ, ಕೆಳಗಿನ ಬದುವನ್ನೂ ದಾಟಿ ಗಾಡಿದಾರಿಯ ಚರಂಡಿಗೆ ಇಳಿಯುವವರೆಗೆ ಸಾಲಿನ ಬಾಯಿ ಮುಚ್ಚುತ್ತಿರಲಿಲ್ಲ. ಎಲ್ಲ ಮುಗಿದ ಮೇಲೆ ಕೊನೆಯ ಸಾಲಿನ ಮಣ್ಣನ್ನು ಒಂದು ಹಿಡಿ ತಂದು ಮೋಟಾರಿನ ಸ್ಟಾರ್ಟರ್ ಡಬ್ಬಿಯ ಬಾಗಿಲಿಗೆ ಮೆತ್ತುತ್ತಿದ್ದರು. ಅಳತೆಯ ಕೆಲಸಕ್ಕೆಂದು ಬಂದ ನಾನು ಮೊದಲ ಸಲ ಆ ಡಬ್ಬಿ ನೋಡಿದಾಗ ಕಣಜ ಗೂಡು ಕಟ್ಟಿದೆಯೇನೋ ಅಂದುಕೊಂಡಿದ್ದೆ.

ಹರಿದು ಹೋದ ನೀರು ದಂಡವಾಗಬಾರದೆಂದು ಮೂರು ವರ್ಷದ ಹಿಂದೆ ಅವರೇ ಗಾಡಿದಾರಿಯ ಪಕ್ಕ ಮೊಣಕಾಲುದ್ದದ ಒಂದು ಗುಂಡಿ ತೋಡಿದ್ದರು. ಮೇದು ಬರುವ ದನಗಳು ಅಲ್ಲಿ ಕುಡಿಯುತ್ತಿದ್ದವು. "ನನ್ ಸಾಲಿನ ನೀರು ಮೂಗ ಪ್ರಾಣಿಗಾದ್ರೂ ಆಯ್ತದಲ್ಲ" ಎಂದು ಹೇಳಿಕೊಳ್ಳುವಾಗ ಅವರ ದನಿಯಲ್ಲಿ ಒಂದು ಸಮಾಧಾನ ಇರುತ್ತಿತ್ತು.

ಮಣ್ಣು ಮತ್ತು ನೀರಿನ ಸಂರಕ್ಷಣೆಯ ಒಂದು ಯೋಜನೆಯಲ್ಲಿ ನನಗೆ ಅಳತೆಯ ಕೆಲಸ. ಆಗಸ್ಟಿನಲ್ಲಿ ಶಾಲೆಯ ಜಗುಲಿಯಲ್ಲಿ ಸಭೆ ಮಾಡಿ, ಇಳಿಜಾರು ಹೊಲಕ್ಕೆ ಸಾಲು ನೀರಾವರಿಗಿಂತ ಹನಿ ನೀರಾವರಿ ಒಳ್ಳೆಯದು, ಸಾಲನ್ನೇ ಕಟ್ಟುವುದಾದರೆ ತುದಿಯಲ್ಲಿ ಹುಲ್ಲಿನ ಪಟ್ಟಿ ಬಿಡಿ ಎಂದು ವಿವರಿಸಿದ್ದೆವು. ಆಂಜಿನಪ್ಪನವರು ಪೈಪಿನ ಸಣ್ಣ ತೂತನ್ನು ಬೆರಳಿನಿಂದ ಮುಟ್ಟಿ ನೋಡಿ, "ಏನ್ ಸಾ, ಭೂಮ್ತಾಯಿಗೆ ಒಳಲೆಯಾಗೆ ಆಲು ಕುಡಿಸ್ತೀರಾ?" ಎಂದಿದ್ದರು. ಕೂಸಿಗೆ ಹಾಲು ಹನಿಸುವ ಒಳಲೆಯ ಹೋಲಿಕೆಗೆ ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೂ ಅವರು ನಾಲ್ಕು ಸಾಲಿಗೆ ಪೈಪು ಹಾಕಿಸಿಕೊಂಡರು. ಒಂದು ದಿನವೂ ಅದರ ವಾಲ್ವ್ ತಿರುಗಿಸಲಿಲ್ಲ.

ಮತ್ತೆ ಆ ಮಂಗಳವಾರಕ್ಕೆ ಬರುತ್ತೇನೆ. ನರೇಶನ ತಾಯಿ ಪಾಪಕ್ಕ. ಹೆಂಡತಿ ಕಲಾ. ಕಲಾ ಊರಿಗಾಂನ ಗಣಿ ಕಾರ್ಮಿಕರ ಲೈನ್ ಮನೆಯಲ್ಲಿ ಬೆಳೆದವಳು. ಅವಳ ಅಜ್ಜ ಚಿನ್ನದ ಗಣಿಯಲ್ಲಿ ದುಡಿದವರು. ಮನೆಮಾತು ತಮಿಳು. ಮದುವೆಯಾಗಿ ಎರಡು ವರ್ಷವಾಗಿತ್ತು. ಬಂದ ಹೊಸದರಲ್ಲಿ ಹಸುವಿನ ಹಿಂದಿನಿಂದ ಹಾದುಹೋಗಲೂ ಹೆದರುತ್ತಿದ್ದವಳು, ಈಗ ಬೆಳಿಗ್ಗೆ ಎಂಟು ಲೀಟರ್ ಕೊಡುವ ಚಿನ್ನಿ ಎಂಬ ಸೀಮೆ ಹಸುವನ್ನು ಒಬ್ಬಳೇ ಕರೆಯುತ್ತಿದ್ದಳು. ಆ ದಿನ ಚಿನ್ನಿಯನ್ನು ಬದುವಿನ ಮೇಲೆ ಮೇಯಿಸಿ, ಒಂಬತ್ತೂ ಇಪ್ಪತ್ತರ ಸುಮಾರಿಗೆ ಹಿಂದಕ್ಕೆ ಹೊಡೆದುಕೊಂಡು ಬಂದಳು. ಗುಂಡಿ ತುಂಬಿತ್ತು. ಚಿನ್ನಿ ತಲೆ ತಗ್ಗಿಸಿ ತುಂಬ ಹೊತ್ತು ಕುಡಿಯಿತು. ಹೊಲದಲ್ಲಿ ಸನಿಕೆ ಹಿಡಿದು ನಿಂತಿದ್ದ ಆಂಜಿನಪ್ಪನವರು ಅದನ್ನು ನೋಡಿದರು. ನೋಡಿ ಸಂತೋಷಪಟ್ಟರು ಎಂದು ಅವರೇ ಆಮೇಲೆ ನನಗೆ ಹೇಳಿದರು. ಅದನ್ನು ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ.

ಹತ್ತು ಗಂಟೆಗೆ ಚಿನ್ನಿ ಕೊಟ್ಟಿಗೆಯ ಮುಂದೆ ನಡುಗತೊಡಗಿತು. ಹೊಟ್ಟೆ ಉಬ್ಬಿತು, ಬಾಯಲ್ಲಿ ನೊರೆ ಬಂತು, ಹಿಂಗಾಲು ಮಡಿಸಿ ಬಿತ್ತು. ಕಲಾಳ ಕೂಗಿಗೆ ಸುತ್ತಲ ಮನೆಯವರು ಸೇರಿದರು. ಆಂಜಿನಪ್ಪನವರೂ ಸನಿಕೆ ಸಮೇತ ಬಂದರು. ಹತ್ತೂ ಇಪ್ಪತ್ತೈದಕ್ಕೆ ಬಂಗಾರಪೇಟೆಯಿಂದ ಪಶುವೈದ್ಯರು ಸ್ಕೂಟರಿನಲ್ಲಿ ಬಂದು ಹಸುವಿನ ಕಣ್ಣು ಬಿಡಿಸಿ ನೋಡುತ್ತಲೇ ಪ್ರಶ್ನೆ ಕೇಳತೊಡಗಿದರು.

"ಏನು ತಿಂದಿದೆ?"

"ಉಲ್ಲು ಸಾರ್, ಬದುವಿನ ಉಲ್ಲು," ಎಂದಳು ಕಲಾ.

"ಎಳೆ ಜೋಳ ಇತ್ತಾ ಹತ್ತಿರದಲ್ಲಿ?"

"ಐತೆ, ಪಕ್ಕದ್ ಒಲ್ದಾಗೆ ಐತೆ," ಎಂದರು ಪಾಪಕ್ಕ. "ಲೇ, ಬಾಯಾಕ್ಸಿದ್ಯಾ ನೀನು?"

"ಇಲ್ಲ ಅತ್ತೆ, ಸತ್ಯಮಾ ಇಲ್ಲ. ಅಗ್ಗ ಕೈಲೇ ಇತ್ತು."

"ಏನು ಕುಡಿದಿದೆ?"

"ಅಲ್ಲಿ ಗುಂಡಿ ನೀರು."

ವೈದ್ಯರು ತಲೆಯೆತ್ತಿ ನೋಡಿದರು. "ಗುಂಡಿಗೆ ನೀರು ಎಲ್ಲಿಂದ ಬರುತ್ತೆ? ಮೇಲಿನ ಹೊಲ ಯಾರದು?"

"ನಂದೇ ಸಾ," ಎಂದರು ಆಂಜಿನಪ್ಪನವರು.

"ಯೂರಿಯಾ ಏನಾದರೂ ಹಾಕಿದ್ರಾ ಈಗ? ಎಷ್ಟು?"

ಆ ಕ್ಷಣದಲ್ಲಿ ತಮಗೆ ಗೊತ್ತಿತ್ತೇ ಎಂಬುದನ್ನು ಆಂಜಿನಪ್ಪನವರು ಎಷ್ಟೋ ಸಲ ತಮ್ಮನ್ನೇ ಕೇಳಿಕೊಂಡಿದ್ದಾರೆ. ಪ್ರಶ್ನೆ ಬರುವವರೆಗೂ ಗೊತ್ತಿರಲಿಲ್ಲವಂತೆ. ಪ್ರಶ್ನೆ ಕಿವಿಗೆ ಬಿದ್ದ ಕೂಡಲೇ ಗೊತ್ತಾಯಿತಂತೆ. ಸುತ್ತಲೂ ಹನ್ನೆರಡು ಜನ ನಿಂತಿದ್ದರು. ಎಲ್ಲರೂ ನೀರಿನ ವಿಷಯ ಬಂದರೆ ಇವರನ್ನೇ ಕೇಳುವವರು.

"ಇಲ್ಲ ಸಾ," ಎಂದರು. "ಬರೀ ನೀರು."

ವೈದ್ಯರು ಎಳೆ ಜೋಳದ ವಿಷಕ್ಕೆ ಕೊಡುವ ಔಷಧವನ್ನು ರಕ್ತನಾಳಕ್ಕೆ ಕೊಟ್ಟರು. ಇದ್ದ ಮಾಹಿತಿಗೆ ಅದೇ ಸರಿಯಾದ ಚಿಕಿತ್ಸೆ. ಹನ್ನೊಂದೂ ಐವತ್ತಕ್ಕೆ ಚಿನ್ನಿ ಸತ್ತಿತು.

ಆಂಜಿನಪ್ಪನವರು ಹೊಲಕ್ಕೆ ಮರಳಿದಾಗ ಕಾಲುವೆಯ ತಲೆಯಲ್ಲಿ ಮೂಟೆ ಖಾಲಿಯಾಗಿ ಚಪ್ಪಟೆಯಾಗಿ ಬಿದ್ದಿತ್ತು. ಅದನ್ನು ಮಡಿಸಿ ಸ್ಟಾರ್ಟರ್ ಡಬ್ಬಿಯ ಹಿಂದೆ ತುರುಕಿದರು. ಸನಿಕೆಯಿಂದ ಗುಂಡಿಯ ಒಂದು ಅಂಚು ಒಡೆದು ನೀರನ್ನೆಲ್ಲ ಚರಂಡಿಗೆ ಬಿಟ್ಟರು. ಆ ದಿನ ಡಬ್ಬಿಯ ಬಾಗಿಲಿಗೆ ಮಣ್ಣು ಮೆತ್ತಲಿಲ್ಲ. ಎರಡು ದಿನದ ಮೇಲೆ ಅವರ ಹೆಂಡತಿ ಚಿಕ್ಕವೆಂಕಟಮ್ಮ ಕೇಳಿದರು: "ಯಾಕೆ, ಕೊನೆ ಸಾಲಿಗೆ ನೀರು ಓಗ್ಲಿಲ್ವಾ?"

"ಓಯ್ತು," ಎಂದರು ಆಂಜಿನಪ್ಪನವರು. "ಓಗ್ಬಾರ್ದ ಕಡೆಗೂ ಓಯ್ತು." ಚಿಕ್ಕವೆಂಕಟಮ್ಮನಿಗೆ ಅರ್ಥವಾಗಲಿಲ್ಲ, ಅವರು ಬಿಡಿಸಿ ಹೇಳಲೂ ಇಲ್ಲ.

ಕಲಾಳಿಗೆ ಆಮೇಲಿನ ದಿನಗಳು ಕಷ್ಟದವು. ಪಾಪಕ್ಕ ಕೆಟ್ಟವರಲ್ಲ, ಆದರೆ ಚಿನ್ನಿಯನ್ನು ಕರುವಾಗಿದ್ದಾಗಿನಿಂದ ಸಾಕಿದ್ದವರು ಅವರು. "ಲೈನ್ ಮನೇಲಿ ಬೆಳೆದೋಳಿಗೆ ಜೋಳ ಯಾವ್ದು ಉಲ್ಲು ಯಾವ್ದು ಎಂಗ್ ಗೊತ್ತಾಯ್ತದೆ" ಎಂದು ಬಂದವರ ಮುಂದೆಲ್ಲ ಹೇಳಿದರು. ನಾಲ್ಕನೆಯ ದಿನ ಕಲಾ ನಲ್ಲಿಯ ಹತ್ತಿರ ಆಂಜಿನಪ್ಪನವರನ್ನು ತಡೆದು ನಿಲ್ಲಿಸಿದಳು.

"ಮಾವಾ, ನೀವು ಮೇಲೇನೇ ನಿಂತಿದ್ರಲ್ಲಾ. ನಾ ಜೋಳ ಮೇಸಿದ್ದು ನೋಡಿದ್ರಾ? ಇಲ್ಲ ಅಂತ ನೀವ್ ಏಳಿದ್ರೆ ಅತ್ತೆ ನಂಬ್ತಾರೆ."

"ನಾನು ಸಾಲ್ ಕಡೆ ನೋಡ್ತಿದ್ದೆ ಕಣಮ್ಮಾ," ಎಂದರು ಅವರು. "ನಿನ್ ಕಡೆ ನೋಡ್ಲಿಲ್ಲ."

"ಪರವಾಗಿಲ್ಲ ಮಾವಾ," ಎಂದು ಅವಳು ಬಿಂದಿಗೆ ಎತ್ತಿಕೊಂಡು ಹೋದಳು. ಅಂದಿನಿಂದ ಆಂಜಿನಪ್ಪನವರು ಹೊಲಕ್ಕೆ ಪಾಪಕ್ಕನ ಮನೆಯ ಮುಂದಿನ ದಾರಿ ಬಿಟ್ಟು, ಊದಿದ ಮೊಣಕಾಲಿನಲ್ಲೇ ಕೆರೆ ಏರಿಯ ಮೇಲಿಂದ ಸುತ್ತಿಕೊಂಡು ಹೋಗತೊಡಗಿದರು. ನೇರ ದಾರಿ ಮುನ್ನೂರು ಮೀಟರ್. ಸುತ್ತಿನ ದಾರಿ ಒಂದು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು.

ಇದಾವುದೂ ಗೊತ್ತಿಲ್ಲದೆ ನಾನು ಡಿಸೆಂಬರ್ ಹದಿನಾಲ್ಕರಂದು ಅಳತೆಗೆ ಹೋದೆ. ಅವರ ಹೊಲದ ಸಾಲುಗಳ ಉದ್ದ ಅರವತ್ತೆರಡು ಮೀಟರ್. ಮೂವತ್ತು ಮೀಟರಿಗೆ ಒಂದು ಮೀಟರಿನಷ್ಟು ಇಳಿಜಾರು. ಮೂರು ಬಗೆಯ ಸಾಲುಗಳ ತುದಿಯಲ್ಲಿ ಒಂದೊಂದು ಲೀಟರ್ ನೀರು ಹಿಡಿಯುವುದು ನನ್ನ ಕೆಲಸ. ಮೊದಲ ಬಾಟಲಿ ಎಂದಿನಂತೆ ತುದಿ ತೆರೆದ ಸಾಲಿನದು. ನೀರು ಕೆಂಪಗೆ, ಟೀಯಂತೆ ಇತ್ತು. ಅರ್ಧ ಗಂಟೆಯಲ್ಲಿ ತಳದಲ್ಲಿ ಕೆಸರು ಕೂತಿತು. ಆಮೇಲೆ ಒಣಗಿಸಿ ತೂಗಿದಾಗ ಹದಿನಾಲ್ಕು ಗ್ರಾಂ. ಎರಡನೆಯ ಬಾಟಲಿ, ತುದಿಯಲ್ಲಿ ಹುಲ್ಲು ದಟ್ಟವಾಗಿ ಬೆಳೆದಿದ್ದ ಸಾಲಿನದು, ಮೂರು ಗ್ರಾಂ. ಮೂರನೆಯದು ಹನಿ ಪೈಪಿನ ಸಾಲಿಗೆಂದು ತಂದದ್ದು. ವಾಲ್ವ್ ತಿರುಗಿಸಿ ಒಂದು ಗಂಟೆ ಕಾದೆವು. ಗಿಡಗಳ ಬುಡ ಅಂಗೈಯಗಲ ಒದ್ದೆಯಾಯಿತು, ತುದಿಗೆ ಏನೂ ಬರಲಿಲ್ಲ. ಆ ಬಾಟಲಿ ಖಾಲಿಯಾಗಿಯೇ ಉಳಿಯಿತು.

ಆಂಜಿನಪ್ಪನವರು ಮೂರನ್ನೂ ಬದುವಿನ ಮೇಲೆ ಸಾಲಾಗಿ ಇಟ್ಟು ಕೂತರು. ಮೊದಲ ಬಾಟಲಿಯನ್ನು ಎತ್ತಿ ಬಿಸಿಲಿಗೆ ಹಿಡಿದು ಕೇಳಿದರು: "ಒಂದ್ ಸರ್ತಿ ನೀರ್ ಕಟ್ಟಿದ್ರೆ ಎಷ್ಟು ಮಣ್ಣು ಓಯ್ತದೆ ಸಾ?"

ತುದಿಯಿಂದ ಸೆಕೆಂಡಿಗೆ ಒಂದು ಲೀಟರಿನಂತೆ ಮೂರು ಗಂಟೆ ಹರಿದರೆ ಹತ್ತು ಸಾವಿರದ ಎಂಟುನೂರು ಲೀಟರ್. ಕೂತ ಕೆಸರನ್ನು ನೋಡಿ ಲೀಟರಿಗೆ ಹದಿನಾಲ್ಕು ಗ್ರಾಂನ ಹತ್ತಿರ ಎಂದು ಅಂದಾಜಿಸಿ, ನೂರೈವತ್ತು ಕೆಜಿ ಮಣ್ಣು ಎಂದೆ. ಅವರು ಮನಸ್ಸಿನಲ್ಲಿ ಅದನ್ನು ಮೂಟೆಗೆ ಹಾಕಿ ನೋಡಿದರು. "ಮೂರು ಮೂಟೆ. ನಮ್ ತಾತ ಒಂದ್ ಇಡಿ ತರ್ತಿದ್ದ."

ಬಾಟಲಿಯನ್ನು ಕೆಳಗಿಡದೆ ಇನ್ನೊಂದು ಪ್ರಶ್ನೆ ಕೇಳಿದರು. "ಗೊಬ್ರ? ಮೂಟೆನೇ ಕಾಲುವೇಲಿ ಇಕ್ಕಿದ್ರೆ?"

ಯೂರಿಯಾ ಮೊದಲ ದಿನ ಮಣ್ಣಿಗೆ ಅಂಟುವುದಿಲ್ಲ, ನೀರು ಹೋದ ಕಡೆ ಹೋಗುತ್ತದೆ ಎಂದೆ. ಬೋರ್‌ವೆಲ್ಲಿನ ನೀರು ಸೆಕೆಂಡಿಗೆ ಎರಡು ಲೀಟರ್. ಒಂದು ಗಂಟೆಯಲ್ಲಿ ಮೂಟೆ ಕರಗಿದರೆ ಲೀಟರಿಗೆ ಆರು ಗ್ರಾಂ ಬರುತ್ತದೆ. ಸ್ವಲ್ಪ ಸಾಲಿನಲ್ಲೇ ಇಂಗಿತು ಎಂದಿಟ್ಟುಕೊಂಡು, "ಐದು ಅನ್ನಿ" ಎಂದೆ.

"ಒಂದ್ ಅಸ ನಲವತ್ತು ಲೀಟ್ರು ಕುಡಿದ್ರೆ?"

"ಇನ್ನೂರು ಗ್ರಾಂ."

"ಎಷ್ಟು ತಡ್ಕಂತದೆ?"

"ಅಭ್ಯಾಸವಿಲ್ಲದ ಹಸುವಿಗೆ ನೂರೈವತ್ತು ದಾಟಿದರೆ ಉಳಿಯುವುದು ಕಷ್ಟ. ಕೂಡಲೇ ಗೊತ್ತಾದರೆ ವಿನೆಗರ್ ಕುಡಿಸುತ್ತಾರೆ, ಒಂದೊಂದು ಸಲ ಬದುಕುತ್ತವೆ."

ಇಷ್ಟನ್ನೂ ನಾನು ಪುಸ್ತಕದಲ್ಲಿ ಬರೆದುಕೊಳ್ಳುತ್ತಲೇ ಹೇಳಿದೆ. ತಲೆಯೆತ್ತಿದಾಗ ಆಂಜಿನಪ್ಪನವರು ಎರಡು ಕೈಯಿಂದಲೂ ಬಾಟಲಿಯನ್ನು ಹಿಡಿದುಕೊಂಡಿದ್ದರು. ಒಳಗಿನ ಕೆಸರು ಅಲುಗಾಡಿ ನೀರು ಮತ್ತೆ ಕೆಂಪಾಗಿತ್ತು. "ಕೂಡ್ಲೇ ಗೊತ್ತಾಗಿತ್ತು ಸಾ," ಎಂದರು. ಆಮೇಲೆ ಎಲ್ಲವನ್ನೂ ಹೇಳಿದರು. ಡಬ್ಬಿಯ ಹಿಂದಿನಿಂದ ಆರು ತೂತಿನ ಖಾಲಿ ಮೂಟೆಯನ್ನು ತೆಗೆದು ನನ್ನ ಮುಂದೆ ಹಾಸಿದರು.

ಸಮಾಧಾನಕ್ಕೆ ಏನಾದರೂ ಹೇಳಬೇಕಿತ್ತು. ವಿನೆಗರ್ ಕೊಟ್ಟಿದ್ದರೂ ಚಿನ್ನಿ ಉಳಿಯುತ್ತಿತ್ತು ಎಂದು ಖಾತರಿಯಿಲ್ಲ ಎಂದೆ. ಅದು ನಿಜವೂ ಹೌದು.

"ಅದಕ್ಕಲ್ಲ ಸಾ," ಎಂದರು. "ಆ ಮಗು 'ಪರವಾಗಿಲ್ಲ ಮಾವಾ' ಅಂತು."

ಆ ದಿನದಿಂದ ಈಚೆಗೆ ಹೊಲ ಬದಲಾಗಿದೆ. ಅದನ್ನೂ ಬರೆಯಬೇಕು. ಕೆಳಗಿನ ಬದುವಿನುದ್ದಕ್ಕೂ ಎರಡು ಅಡಿ ಅಗಲಕ್ಕೆ ನೇಪಿಯರ್ ಹುಲ್ಲು ನೆಟ್ಟಿದ್ದಾರೆ. ಸಾಲಿನಲ್ಲಿ ನೀರು ಮುಕ್ಕಾಲು ಭಾಗ ಮುಟ್ಟಿದಾಗಲೇ ಬಾಯಿ ಮುಚ್ಚುತ್ತಾರೆ. ಉಳಿದ ಕಾಲು ಭಾಗಕ್ಕೆ ನೀರು ತಾನಾಗಿ ತೆವಳುತ್ತದೆ. ಗೊಬ್ಬರ ಮತ್ತೆ ಚಿಟಿಕೆಯ ಲೆಕ್ಕಕ್ಕೆ ಬಂದಿದೆ. ಹನಿ ಪೈಪು ನಾಲ್ಕರಿಂದ ಹದಿನೆಂಟು ಸಾಲಿಗೆ ಏರಿದೆ, ಅದನ್ನು ಈಗಲೂ ಒಳಲೆ ಎಂದೇ ಕರೆಯುತ್ತಾರೆ. ಗುಂಡಿಯನ್ನು ತಾವೇ ಮುಚ್ಚಿ, ಬೋರ್‌ವೆಲ್ಲಿನ ಹತ್ತಿರ ಕಾಲುವೆಗೆ ಸೇರದಂತೆ ಕಲ್ಲಿನ ತೊಟ್ಟಿ ಇಟ್ಟಿದ್ದಾರೆ. ತಮ್ಮ ಮನೆಯ ಪಡ್ಡೆ ಹಸುವನ್ನು ಪಾಪಕ್ಕನಿಗೆ ಕೊಡುತ್ತೇನೆ ಎಂದಾಗ ಪಾಪಕ್ಕ ಎರಡು ತಿಂಗಳು ಉತ್ತರವನ್ನೇ ಕೊಡಲಿಲ್ಲ. ಒಂದು ಬೆಳಿಗ್ಗೆ ಕಲಾ ತಾನೇ ಹೋಗಿ ಹಗ್ಗ ಬಿಚ್ಚಿಕೊಂಡು ಬಂದಳು. ಆಂಜಿನಪ್ಪನವರ ಜೊತೆ ಪಾಪಕ್ಕನ ಮಾತು ಈಗಲೂ ಕಡಿಮೆ. ಆದರೆ ಆಂಜಿನಪ್ಪನವರು ಮತ್ತೆ ಆ ಮನೆಯ ಮುಂದಿನ ದಾರಿಯಲ್ಲೇ ಹೊಲಕ್ಕೆ ಹೋಗುತ್ತಾರೆ. ಸ್ಟಾರ್ಟರ್ ಡಬ್ಬಿಯ ಬಾಗಿಲಿನ ಹಳೆಯ ಮಣ್ಣು ಒಣಗಿ, ಹೆಕ್ಕಳಿಕೆಯೆದ್ದು ಉದುರುತ್ತಿದೆ. ಹೊಸದನ್ನು ಮೆತ್ತಿಲ್ಲ.

ಇದೆಲ್ಲ ಸಾಧ್ಯವಾದದ್ದು ಡಿಸೆಂಬರ್ ಹದಿನೈದರ ಬೆಳಿಗ್ಗೆ, ಅಳತೆಯ ಮರುದಿನ, ಹಾಲಿನ ಡೇರಿಯಲ್ಲಿ. ಡೇರಿಯ ಕಾರ್ಯದರ್ಶಿ ವಿಜಯಕುಮಾರ್ ಹೇಳಿದ ಪ್ರಕಾರ ಆಗ ಆರೂ ಇಪ್ಪತ್ತು. ಸಾಲಿನಲ್ಲಿ ಇಪ್ಪತ್ತು ಜನವಿದ್ದರು. ಆಂಜಿನಪ್ಪನವರು ಬರಿಗೈಯಲ್ಲಿ ಬಂದು ಬಾಗಿಲ ಹತ್ತಿರ ನಿಂತರು.

"ಏನಣ್ಣಾ, ಕ್ಯಾನೇ ಇಲ್ದೆ ಬಂದಿದ್ದೀಯಾ?" ಎಂದ ವಿಜಯಕುಮಾರ್. "ಆಲು ಸಾಲ್‌ನಾಗೆ ಬಿಟ್ ಬಂದ್ಯಾ?"

ಸಾಲಿನಲ್ಲಿ ನಗು ಎದ್ದಿತು. ಕಲಾ ತನ್ನ ಸಣ್ಣ ಕ್ಯಾನನ್ನು ಕಟ್ಟೆಯ ಮೇಲೆ ಇಟ್ಟಳು. ಮನೆಯಲ್ಲಿ ಉಳಿದಿದ್ದ ಒಂದು ಎಮ್ಮೆಯ ಎರಡೂವರೆ ಲೀಟರ್ ಹಾಲು. ಅವಳ ಹಿಂದೆ ಪಾಪಕ್ಕ ನಿಂತಿದ್ದರು. ಅವರ ಹಿಂದಿನಿಂದ ಅಶ್ವತ್ಥಮ್ಮ ಎಂಬವರು, "ಏನವ್ವಾ ಕಲಾ, ಇರೋ ಎಮ್ಮೆಗಾದ್ರೂ ಜೋಳ ಆಕ್ಬೇಡ ತಾಯಿ," ಎಂದರು. ಮತ್ತೆ ನಗು.

"ಸುಮ್ಕಿರು ಅಶ್ವತ್ಥಮ್ಮ," ಎಂದರು ಆಂಜಿನಪ್ಪನವರು. "ಆ ಮಗು ಜೋಳ ಮೇಸಿಲ್ಲ. ನಾನ್ ನೋಡ್ತಿದ್ದೆ. ಅಗ್ಗ ಕೈಲೇ ಇತ್ತು."

"ಮತ್ತೆ ಅವತ್ತು ನೋಡ್ಲಿಲ್ಲ ಅಂದ್ಯಂತೆ?" ಎಂದರು ಪಾಪಕ್ಕ.

"ಸುಳ್ಳೇಳ್ದೆ. ಚಿನ್ನಿ ಸತ್ತಿದ್ದು ನನ್ ನೀರಿಂದ ಪಾಪಕ್ಕ. ಡಾಕ್ಟ್ರು ಕೇಳಿದ್ರಲ್ಲ, ಯೂರಿಯಾ ಆಕಿದ್ಯಾ ಅಂತ. ಆಕಿದ್ದೆ. ಮೂಟೆನೇ ಕಾಲುವೇಲಿ ಮಲಗಿಸಿದ್ದೆ. ಬರೀ ನೀರು ಅಂದ್ಬುಟ್ಟೆ."

ಹಾಲು ಅಳೆಯುವ ಯಂತ್ರ ಕುಯ್ ಎಂದು ಕೂಗಿ ನಿಂತಿತು. ಯಾರೂ ಅದನ್ನು ಮುಟ್ಟಲಿಲ್ಲ. ಕಲಾ ತಿರುಗಿ ನೋಡಲಿಲ್ಲ, ಕ್ಯಾನಿನ ಹಿಡಿಯನ್ನು ಹಿಡಿದುಕೊಂಡೇ ನಿಂತಿದ್ದಳು. ಪಾಪಕ್ಕ ಬೈಯುತ್ತಾರೆ ಎಂದು ಎಲ್ಲರೂ ಕಾದರು. ಪಾಪಕ್ಕ ಬೈಯಲಿಲ್ಲ. ಹದಿನೇಳು ದಿನದ ಹಿಂದೆ ತಮ್ಮ ಅಂಗಳದಲ್ಲಿ ವೈದ್ಯರು ಕೇಳಿ ಉತ್ತರ ಸಿಗದೆ ಉಳಿದಿದ್ದ ಪ್ರಶ್ನೆಯನ್ನೇ ಅವರೂ ಕೇಳಿದರು.

"ಎಷ್ಟು ಆಕಿದ್ದೆ?"

ಆಂಜಿನಪ್ಪನವರು ಕೊನೆಯಲ್ಲಿ ನಿಂತವರಿಗೂ ಕೇಳುವ ಹಾಗೆ ಹೇಳಿದರು.

"ನಲವತ್ತೈದು ಕೆಜಿ."